ಒಂಬತ್ತು ತಿಂಗಳ ಗುಳುಕು

ಮೀಸೆಮೀನು ಕರೆಯುವುದರಲ್ಲಿ ನನ್ನನ್ನು ಮೀರಿಸುವವರು ಈ ಊರಿನಲ್ಲಿ ಹುಟ್ಟಿಲ್ಲ. ಹುಟ್ಟಿದ್ದರೂ ನನ್ನ ಹೆಸರು ಕೇಳಿ ನಾಚಿಕೊಂಡು ಬೇರೆ ಕಸುಬು ಹಿಡಿದಿರಬೇಕು. ನಾನು ಹುಟ್ಟಿದಾಗ ಅತ್ತ ಸದ್ದಿಗೆ ಮೂರು ಕೇರಿಯ ಎಮ್ಮೆಗಳು ಕರುವಿನ ಮುಖ ನೋಡದೆಯೇ ಹಾಲು ಇಳಿಸಿದವಂತೆ. ಸೂಲಗಿತ್ತಿ ಎರಡು ಕಿವಿಗೂ ಅರಳೆ ತುರುಕಿಕೊಂಡು ಹೊಕ್ಕುಳಬಳ್ಳಿ ಕೊಯ್ದಳಂತೆ. ಇದನ್ನು ನಾನು ಹೇಳುತ್ತಿಲ್ಲ, ನಮ್ಮಜ್ಜಿ ಹೇಳುತ್ತಿದ್ದಳು. ನಮ್ಮಜ್ಜಿ ನನ್ನಷ್ಟು ಸುಳ್ಳು ಹೇಳುತ್ತಿರಲಿಲ್ಲ. ನನ್ನ ಹೆಸರು ಮಾಯಿಗಯ್ಯ. ಈ ಹೆಸರನ್ನು ಕೆರೆಯ ಮೀನುಗಳು ಕೂಡ ಬಲ್ಲವು.

ಕೆರೆಯೆಂದರೆ ನಮ್ಮ ಕೆರೆ. ಅದು ಸದ್ದನ್ನು ನುಂಗುತ್ತದೆ. ನೀರಿನ ಮೇಲಾಗಲಿ, ದಡದಿಂದ ಹತ್ತು ಮಾರಿನೊಳಗಾಗಲಿ ಏನು ಸದ್ದು ಮಾಡಿದರೂ ಪಕ್ಕದಲ್ಲಿ ನಿಂತವನ ಕಿವಿಗೆ ಬೀಳುವುದಿಲ್ಲ, ನೇರ ನೀರಿಗಿಳಿಯುತ್ತದೆ. ತಾಯಿ ಮಗುವನ್ನು ಹೊರುವಷ್ಟು ಕಾಲ, ಅಂದರೆ ಒಂಬತ್ತು ತಿಂಗಳು, ಕೆರೆ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡಿರುತ್ತದೆ. ಆಮೇಲೆ ಅದೇ ಜಾಗದಲ್ಲಿ, ಅದೇ ಹೊತ್ತಿಗೆ, ಒಂದಕ್ಕೆ ಎರಡಾಗಿಸಿ ಮೇಲಕ್ಕೆ ಬಿಡುತ್ತದೆ. ಆದ್ದರಿಂದ ನಮ್ಮವರು ಕೆರೆಗೆ ಹೋಗುವಾಗ ಬಾಯಿ ತುಂಬ ಎಲೆ ಅಡಿಕೆ ತುಂಬಿಕೊಂಡು ಹೋಗುತ್ತಾರೆ, ಮಾತು ಜಾರದಿರಲಿ ಎಂದು. ಜಗಳವಿದ್ದವರು ಊರ ಮುಂದಿನ ಹುಣಸೆಮರದ ತನಕ ನಡೆದು ಬಂದು ಅಲ್ಲಿ ಬೈದಾಡುತ್ತಾರೆ. ಒಬ್ಬ ಅತ್ತೆ ಮೈಮರೆತು ಸೋಪಾನದ ಮೇಲೆ ಸೊಸೆಯನ್ನು ಬೈದಿದ್ದಳು. ಆರು ತಿಂಗಳಿಗೆ ಆಕೆ ತೀರಿಕೊಂಡಳು. ಮತ್ತೆ ಮೂರು ತಿಂಗಳಿಗೆ ಸೊಸೆ ಪಾತ್ರೆ ಬೆಳಗುತ್ತಿದ್ದಾಗ ನೀರೊಳಗಿಂದ, ‘ತಳ ಉಜ್ಜೇ, ತಳ ಉಜ್ಜು’ ಎಂದು ಕೇಳಿತು. ಸೊಸೆ ಅಳುತ್ತ ತಳ ಉಜ್ಜಿದಳು. ಇನ್ನೊಮ್ಮೆ ಹೊಸಬನೊಬ್ಬ ಬಸ್ಸು ಓಡಿಸಿಕೊಂಡು ಏರಿಯ ಮೇಲೆ ಬಂದ. ಹಾರನ್ ಒತ್ತಿದರೆ ಸದ್ದಿಲ್ಲ. ಕೆಟ್ಟಿತೇನೋ ಎಂದುಕೊಂಡು ಏರಿಯುದ್ದಕ್ಕೂ ಒತ್ತಿದ. ಒಂಬತ್ತು ತಿಂಗಳಿಗೆ ಕೆರೆ ಹಾರನ್ ಹೊಡೆದಾಗ ನಮ್ಮ ಊರಿನ ಮುನ್ನೂರು ಜನ ಚೀಲ ಹಿಡಿದು ಏರಿಗೆ ಓಡಿದ್ದರು. ಸರಿ, ಮೂವತ್ತು ಜನ.

ಇಂಥ ಕೆರೆಯಲ್ಲಿ ಮೀನು ಕರೆಯುವ ಕೆಲಸ ನಮ್ಮ ಮನೆಯದು. ಬೇಸಿಗೆ ಬಂತೆಂದರೆ ಮೀಸೆಮೀನು ಕೆಸರಿಗಿಳಿದು ಮುನಿಸಿಕೊಂಡ ಮಾವನ ಹಾಗೆ ಮಲಗಿಬಿಡುತ್ತದೆ. ಗಾಳಕ್ಕೆ ಎರೆಹುಳು ಚುಚ್ಚಿ ಬಿಟ್ಟರೂ ಮೀಸೆ ಅಲ್ಲಾಡಿಸುವುದಿಲ್ಲ. ಅದನ್ನು ಎಬ್ಬಿಸಲು ನಮ್ಮ ಮನೆಯಲ್ಲಿ ಒಂದು ಗುಳುಕುಗೋಲು ಇದೆ, ಬಾಯಿಮಾತಿನಲ್ಲಿ ಬರೀ ಗೋಲು. ಹಲಸಿನ ಮರದ್ದು, ಮೊಳದುದ್ದ, ತುಸು ಬಾಗಿದ್ದು. ತುದಿ ಕರುವಿನ ಗೊರಸಿನ ಹಾಗೆ, ಒಳಗೆ ಟೊಳ್ಳು. ತೋಳು ಮೇಲೆತ್ತಿ ನೀರಿಗೆ ಹೊಡೆದು ಥಟ್ಟನೆ ಹಿಂದಕ್ಕೆಳೆದರೆ ಗಾಳಿ ನೀರಿಗೆ ಸಿಕ್ಕಿ ‘ಗುಳುಕ್’ ಎನ್ನುತ್ತದೆ. ಕಪ್ಪೆ ಬಿದ್ದಿತೆಂದು ಮೀನು ಬರುತ್ತದೆ ಎನ್ನುವವರಿದ್ದಾರೆ. ದೊಡ್ಡ ಮೀನು ಏನನ್ನೋ ನುಂಗಿತು, ನಮಗೂ ಚೂರು ಸಿಗಲಿ ಎಂದು ಬರುತ್ತದೆ ಎನ್ನುವವರೂ ಇದ್ದಾರೆ. ಮಾಯಿಗಯ್ಯ ಕರೆದ ಎಂದು ಬರುತ್ತದೆ, ಅಷ್ಟೇ. ಶ್ರಾವಣ ಹುಣ್ಣಿಮೆಯ ಮಧ್ಯಾಹ್ನ ಕೆರೆಯ ನಡುಮಡುವಿನಲ್ಲಿ ತೆಪ್ಪ ನಿಲ್ಲಿಸಿ ಬಡಿದರೆ, ಆ ಸದ್ದು ವೈಶಾಖ ಹುಣ್ಣಿಮೆಯ ಮಧ್ಯಾಹ್ನ ಮೇಲೇಳುತ್ತದೆ. ಆ ಒಂದು ಮಧ್ಯಾಹ್ನ ಬಲೆಗೆ ಬಿದ್ದ ಮೀನನ್ನು ಉಪ್ಪು ಹಾಕಿ ಒಣಗಿಸಿ ಮಳೆ ಬರುವ ತನಕ ಇಡೀ ಊರು ತಿನ್ನುತ್ತದೆ. ಬಡಿಯುವ ದಿನ ಬೇರೆ ಸದ್ದು ಬೆರೆಯಬಾರದೆಂದು ಯಾರೂ ಕೆರೆಯತ್ತ ತಲೆ ಹಾಕುವಂತಿಲ್ಲ. ಬಡಿಯುವವನು, ನೀರು, ಇಬ್ಬರೇ. ಕಟ್ಟಳೆ ಇನ್ನೊಂದಿದೆ. ವೈಶಾಖದಲ್ಲಿ ಮೀನು ಬಾರದಿದ್ದರೆ ಗೋಲು ಆ ಮನೆ ಬಿಟ್ಟು ಬೇರೆ ಮನೆಗೆ ಹೋಗಬೇಕು. ಆ ಮನೆಯವರೂ ಸೋಲುವ ತನಕ ಹೋದದ್ದು ಮತ್ತೆ ಬರುವುದಿಲ್ಲ. ನಮ್ಮ ಮನೆಗೆ ಅದು ಹಾಗೆಯೇ ಬಂದದ್ದು, ನಮ್ಮಜ್ಜಿಯ ಕಾಲದಲ್ಲಿ, ಕರಿಸಿದ್ದಯ್ಯನ ತಾತನ ಕೈಯಿಂದ. ಕರಿಸಿದ್ದಯ್ಯ ನನಗೆ ವರಸೆಯಲ್ಲಿ ಭಾಮೈದ. ಅವನು ನನ್ನನ್ನು ನೋಡಿದಾಗೆಲ್ಲ ಮೊದಲು ನೋಡುತ್ತಿದ್ದುದು ನನ್ನ ಕಂಕುಳಲ್ಲಿದ್ದ ಗೋಲನ್ನು.

ನನಗೆ ಒಬ್ಬಳೇ ಮಗಳು, ಹೊಂಬಾಳಿ. ತಾಯಿ ಹೋದ ಮೇಲೆ ನಾನೇ ಸಾಕಿದವಳು. ಎಂಟನೆಯ ವಯಸ್ಸಿನಿಂದ ಹಿತ್ತಿಲ ಕಲ್ಲುಬಾನಿಯ ನೀರಿಗೆ ಮರದ ಸೌಟು ಹಿಡಿದು ಬಡಿಯುತ್ತಿದ್ದಳು. ಬಾನಿಯಲ್ಲಿ ಸದ್ದು ಎಲ್ಲ ಕಡೆಯಂತೆ ಆಗಿಂದಾಗಲೇ ಕೇಳುತ್ತದೆ. ಇಪ್ಪತ್ತೆರಡು ದಾಟುವ ಹೊತ್ತಿಗೆ ಅವಳ ಬಡಿತಕ್ಕೆ ಅಕ್ಕಪಕ್ಕದ ಬಾವಿಗಳ ಕಪ್ಪೆಗಳು ನಮ್ಮ ಹಿತ್ತಿಲಿಗೆ ಸಾಲುಗಟ್ಟಿ ಬರತೊಡಗಿದವು. ‘ಹೆಂಗದೆ ಅಪ್ಪ?’ ಎಂದು ಕೇಳುತ್ತಿದ್ದಳು. ‘ಪರವಾಗಿಲ್ಲ. ಕಪ್ಪೆಗೇನು, ಯಾರು ಬಡಿದರೂ ಬತ್ತವೆ’ ಎನ್ನುತ್ತಿದ್ದೆ.

ಈಗ ಆ ಶ್ರಾವಣದ ಸಂಗತಿ. ಅದಕ್ಕೆ ಮುಂಚಿನ ಆಷಾಢದಲ್ಲಿ ಒಂದು ಬೆಳಗ್ಗೆ ಅಂಗಿ ತೊಡಲು ಹೋದರೆ ನನ್ನ ಬಲತೋಳು ಹೆಗಲ ಮಟ್ಟಕ್ಕಿಂತ ಮೇಲೆ ಬರಲೊಲ್ಲದು. ಎತ್ತಿದರೆ ಒಳಗೆ ಯಾರೋ ಕಾದ ಸರಳು ತಿರುವಿದಂತೆ. ಯಾರಿಗೂ ಹೇಳಲಿಲ್ಲ. ಎಡಗೈಯಲ್ಲಿ ತಲೆ ಕೆರೆದುಕೊಂಡೆ, ಎಡಗೈಯಲ್ಲಿ ಟೀ ಕುಡಿದೆ. ಯಾರಾದರೂ ಕೇಳಿದರೆ, ‘ಬಲಗೈನ ಇಂಥ ಚಿಲ್ಲರೆ ಕೆಲಸಕ್ಕೆ ಸವೆಸಬಾರದು’ ಎಂದೆ. ಹುಣ್ಣಿಮೆಯ ದಿನ ಮುದ್ದೆ ಉಂಡು, ಗೋಲು ಹಿಡಿದು, ನಡುಮಡುವಿಗೆ ತೆಪ್ಪ ಹಾಕಿದೆ. ತೋಳು ಎತ್ತಿದೆ, ಬರಲಿಲ್ಲ. ಎಡಗೈಯಲ್ಲಿ ಬಡಿದೆ. ಗೋಲು ಮಗುಚಿ ನೀರಿಗೆ ಬಿದ್ದು ತೇಲಿಕೊಂಡು ಹೊರಟಿತು. ಅದನ್ನು ಹಿಡಿಯುವುದರಲ್ಲಿ ತೆಪ್ಪ ಬುಗುರಿಯಂತೆ ಸುತ್ತಿತು. ಕೊನೆಗೆ ಸುಸ್ತಾಗಿ ತೆಪ್ಪದ ತಳದಲ್ಲಿ ಒರಗಿದೆ. ತಣ್ಣನೆ ಗಾಳಿ, ಹೊಟ್ಟೆಯಲ್ಲಿ ಮುದ್ದೆ. ಕಣ್ಣು ಬಿಟ್ಟಾಗ ಬಿಸಿಲು ಇಳಿದಿತ್ತು, ಬಡಿತದ ಹೊತ್ತು ಮುಗಿದಿತ್ತು.

ಮರ್ಯಾದಸ್ಥನಾದರೆ ಆಗಲೇ ಹುಣಸೆಮರದ ಕೆಳಗೆ ಬಂದು ನಿಜ ಹೇಳುತ್ತಿದ್ದ. ನಾನು ಮುಖಕ್ಕೂ ಎದೆಗೂ ಕೆರೆಯ ನೀರು ಎರಚಿಕೊಂಡು ಬೆವತವನಂತೆ ಬಂದೆ. ಅಲ್ಲಿ ಊರಿನವರೆಲ್ಲ ಕಾಯುತ್ತಿದ್ದರು.

‘ಎಷ್ಟು ಬಡಿದೆ ಭಾವ?’ ಎಂದ ಕರಿಸಿದ್ದಯ್ಯ.

‘ಎಣಿಸಕ್ಕೆ ನಿನ್ನಂಗೆ ಬಿಡುವಾಗಿದ್ನಾ? ಮೂರು ಸಾವಿರದ ಮೇಲೆ ಲೆಕ್ಕ ತಪ್ತು.’

‘ಮೈಯಿ ಪಾಚಿ ವಾಸ್ನೆ ಹೊಡೀತದಲ್ಲ, ಬೆವರೋ ನೀರೋ?’

‘ನನ್ನ ಬೆವರು ಹಂಗೇ ಕಣೋ. ಕೆರೆ ನಮ್ಮ ಮನೆಯೋರ ಬೆವರಿನಿಂದ್ಲೇ ತುಂಬಿರದು.’

ಎಲ್ಲರೂ ನಕ್ಕರು. ನಗಿಸಿದವನನ್ನು ಯಾರು ಅನುಮಾನಿಸುತ್ತಾರೆ. ಹೊಂಬಾಳಿ ಮಾತ್ರ ನಗದೆ ನನ್ನ ತೋಳನ್ನೇ ನೋಡುತ್ತಿದ್ದಳು.

ಹೊಟ್ಟೆಯಲ್ಲಿ ಸುಳ್ಳು ಹೊತ್ತ ಗಂಡಸಿಗೂ ಒಂಬತ್ತು ತಿಂಗಳು ಭಾರವೇ. ಕಾರ್ತಿಕದಲ್ಲಿ ನನ್ನ ಮೂರು ಸಾವಿರ ಬಡಿತ ಐದು ಸಾವಿರವಾಯಿತು. ಸಂಕ್ರಾಂತಿ ಹೊತ್ತಿಗೆ ಎಂಟು. ಹೆದರಿಕೆ ಹೆಚ್ಚಿದಷ್ಟೂ ನಾನು ಬಡಿತ ಹೆಚ್ಚಿಸುತ್ತಿದ್ದೆ. ಚೈತ್ರ ಬಂತು, ಗಾಳ ಒಣಗಿತು. ಬೀಸುಬಲೆಗೆ ಪಾಚಿ, ಗೊದಮೊಟ್ಟೆ, ಒಂದು ಒಂಟಿ ಚಪ್ಪಲಿ ಬಿದ್ದವು. ಮನೆಮನೆಯ ಸಾರಿನಲ್ಲಿ ಮೀನು ಹೋಗಿ ಹುಣಸೆಹುಳಿ ಉಳಿಯಿತು. ಬಾಣಂತಿಯರಿಗೆ ಕೊಡಲು ಒಂದು ಒಣಮೀನು ಇಲ್ಲ. ಆದರೂ ಯಾರಿಗೂ ಚಿಂತೆಯಿಲ್ಲ, ‘ಮಾಯಿಗಣ್ಣ ಎಂಟು ಸಾವಿರ ಬಡಿದವ್ನೆ’ ಎಂದು ಹೆಂಗಸರು ಹಳೇ ಚಾಪೆ ಒಗೆದು, ಉಪ್ಪು ಕುಟ್ಟಿಟ್ಟುಕೊಂಡರು. ಆ ಉಪ್ಪು ಕುಟ್ಟುವ ಸದ್ದು ಒಂದೊಂದೂ ನನ್ನ ತಲೆಯ ಮೇಲೆಯೇ ಬಿದ್ದಂತಾಗುತ್ತಿತ್ತು.

ವೈಶಾಖ ಹುಣ್ಣಿಮೆಯ ಬೆಳಗ್ಗೆ ಹೊಂಬಾಳಿ ಜಗಲಿಯ ಮೇಲೆ ಬಲೆಯ ಹರಕು ಹೆಣೆಯುತ್ತ ಕೂತಿದ್ದಳು. ನಾನು ತಟ್ಟೆಯ ರೊಟ್ಟಿಯನ್ನು ಪಕ್ಕಕ್ಕೆ ಸರಿಸಿದೆ.

‘ಹೊಂಬಾಳಿ, ನಾನು ಬಡೀನಿಲ್ಲ ಕಣವ್ವ’ ಎಂದುಬಿಟ್ಟೆ.

ಅವಳ ಕೈ ನಿಂತಿತು. ‘ಒಂದೂ?’

‘ಒಂದೂ. ತೋಳು ಬರ್ನಿಲ್ಲ. ಮಲಗಿಬುಟ್ಟೆ.’

‘ತೋಳು ಬರಲ್ಲ ಅಂತ ನಂಗೆ ಆಷಾಢದಿಂದ್ಲೇ ಗೊತ್ತು. ಅಂಗಿ ಹಾಕ್ಕಳಕೆ ಗೋಡೆಗೆ ಒರಗಿ ಹಾವಿನಂಗೆ ಹೊರಳಾಡ್ತೀಯಲ್ಲ. ಬಡಿದಿಲ್ಲ ಅಂತ ಗೊತ್ತಿರ್ನಿಲ್ಲ.’ ಹೆಣೆಯುವ ಸೂಜಿಯನ್ನು ಬಲೆಗೆ ಸಿಕ್ಕಿಸಿದಳು. ‘ನಂಗೊಂದು ಮಾತು ಹೇಳಿದ್ರೆ ನಾನು ಬಡೀತಿದ್ನಲ್ಲಪ್ಪ.’

‘ಈಗ ಹೋಗಿ ಬಡೀತೀಯಾ?’ ಎಂದೆ, ಮುಳುಗುವವನಂತೆ.

‘ಈಗ ಬಡಿದ್ರೆ ಮಾಘಕ್ಕೆ ಕೇಳ್ತದೆ. ಜನ ಇವತ್ತು ಉಣ್ಣಬೇಕಲ್ಲ.’ ಬಲೆ ಮಡಚಿದಳು. ಅವಳ ದನಿಯಲ್ಲಿ ಸಿಟ್ಟಿಗಿಂತ ಬೇರೇನೋ ಇತ್ತು. ‘ಗೋಲು ಹೊಯ್ತದೆ. ಹದಿನಾಲ್ಕು ವರ್ಷ ಬಾನಿ ಬಡಿದೆ. ಹೋಗ್ಲಿ ಬುಡು.’

ಆ ‘ಹೋಗ್ಲಿ ಬುಡು’ ನನ್ನ ತೋಳಿಗಿಂತ ಹೆಚ್ಚು ನೋಯಿಸಿತು. ಹೊಸಿಲು ದಾಟುವಾಗ ಅವಳು ತಿರುಗಿ, ‘ಅಲ್ಲಪ್ಪ, ಇಡೀ ಮಧ್ಯಾಹ್ನ ಸದ್ದೇ ಮಾಡ್ನಿಲ್ಲ ಅಂತೀಯಲ್ಲ. ನೀನು? ಸುಮ್ಕಿದ್ದೆ?’ ಎಂದಳು.

ಆಗ ನೆನಪಾಯಿತು. ನಾನು ಸುಮ್ಮನಿರಲಿಲ್ಲ. ಗೋಲು ಕೈ ಜಾರಿದ ಮೇಲೆ ತೆಪ್ಪದಲ್ಲಿ ಒರಗಿ ಏನೇನೋ ಒದರಿಕೊಂಡಿದ್ದೆ. ಏನೆಂದು ನೆನಪಾದದ್ದೇ ಕಣ್ಣು ಊರಾಚೆಯ ದಾರಿಯತ್ತ ಹೋಯಿತು. ಊರು ಬಿಟ್ಟು ಓಡಿಹೋಗಲು ನನಗೆ ತೋಳು ಬೇಕಾಗಿರಲಿಲ್ಲ. ಆದರೆ ಬಡಿದವನು ಗೋಲು ಹಿಡಿದು ನಡುಮಡುವಿನಲ್ಲಿ ಕೂರಬೇಕೆಂಬುದು ಕಟ್ಟಳೆ. ಹೊಂಬಾಳಿ ಆಗಲೇ ಬಲೆ ಹೊತ್ತು ಮುಂದೆ ನಡೆಯುತ್ತಿದ್ದಳು. ಹಿಂದೆ ಹೋದೆ.

ಮಧ್ಯಾಹ್ನಕ್ಕೆ ಮಡುವಿನ ಸುತ್ತ ಸಾವಿರ ತೆಪ್ಪ. ನಲವತ್ತು ಎನ್ನಿ. ಪ್ರತಿಯೊಂದರಲ್ಲೂ ಬಲೆ ಹಿಡಿದವರು, ಮಂಕರಿ ಹಿಡಿದವರು, ಎಲ್ಲರ ಕೆನ್ನೆಗಳೂ ಎಲೆ ಅಡಿಕೆಯಿಂದ ಉಬ್ಬಿದ್ದವು. ಊರಿನ ನ್ಯಾಯ ಹೇಳುವ ಚೆನ್ನಾಜಮ್ಮಜ್ಜಿ, ಎಂಬತ್ತು ದಾಟಿದ ಮುದುಕಿ, ಮಣೆ ಹಾಕಿಸಿಕೊಂಡು ಒಂದು ತೆಪ್ಪದಲ್ಲಿ ಕೂತಿದ್ದಳು. ಕರಿಸಿದ್ದಯ್ಯ ನನ್ನ ಎದುರಿಗೇ ತೆಪ್ಪ ನಿಲ್ಲಿಸಿಕೊಂಡಿದ್ದ. ನಡುವೆ ನಾನು, ತೊಡೆಯ ಮೇಲೆ ಗೋಲು. ಬಿಸಿಲು ನೆತ್ತಿಗೆ ಬಂತು. ಒಂದು ‘ಗುಳುಕ್’ಗಾಗಿ ಎಲ್ಲರೂ ಕತ್ತು ಚಾಚಿದರು.

ನೀರು ಗುಳ್ಳೆಯೆದ್ದಿತು. ಗುಳ್ಳೆ ಒಡೆದು, ‘ಅಯ್ಯಯ್ಯಪ್ಪಾ’ ಎಂದು ಕೇಳಿತು.

ನನ್ನದೇ ದನಿ. ಎರಡು ಪಟ್ಟು ದಪ್ಪಗೆ. ಆಮೇಲೆ ಗೋಲು ನೀರಿಗೆ ಬಿದ್ದ ಚಪ್ಪೆ ಸದ್ದು, ನಾನು ಎಡಗೈಯಲ್ಲಿ ನೀರು ಗೋರುತ್ತ ಅದರ ಹಿಂದೆ ಹೋದ ಸದ್ದು, ನಡುವೆ ಕೆಲವು ಮಾತು, ಅವನ್ನು ಬರೆಯಲಾಗದು. ಆಮೇಲೆ ಕೆರೆ ಉಸಿರು ತೆಗೆದುಕೊಂಡು, ಇಡೀ ಊರಿನ ಮುಂದೆ ನನ್ನ ಗಂಟಲಿನಲ್ಲಿ ಹೇಳಿತು:

‘ಈ ತೋಳು ಹೋಯ್ತು ಕಣವ್ವ ಕೆರೆ ಗಂಗವ್ವ. ತುತ್ತು ಎತ್ತಕಾಯ್ತದೆ, ಗೋಲು ಎತ್ತಕಾಯ್ತಿಲ್ಲ. ಹೊಂಬಾಳಿ ಕೈಗೆ ಕೊಟ್ಟುಬುಡಬೇಕು ನಾನು. ಅವಳು ನನ್ಗಿಂತ ಚಂದಾಗಿ ಬಡೀತಾಳೆ. ನಮ್ಮಜ್ಜಿಗಿಂತ್ಲೂ. ಬಾನಿ ಸದ್ದು ಕೇಳ್ತಿದ್ರೆ ಮೈ ಜುಮ್ಮಂತದೆ. ಅವಳ ಮುಂದೆ ಹೇಳಕೆ ಬಾಯಿ ಬರಲ್ಲ. ಹೊಟ್ಟೆಕಿಚ್ಚು ಕಣವ್ವ, ಸ್ವಂತ ಮಗಳ ಮ್ಯಾಲೆ.’

ಅಷ್ಟು ಹೇಳಿ ಕೆರೆ ಸುಮ್ಮನಾಯಿತು. ನಲವತ್ತು ತೆಪ್ಪದ ಕಣ್ಣುಗಳು ನನ್ನ ಮೇಲೆ. ಕೆನ್ನೆಯ ಎಲೆ ಅಡಿಕೆ ಅಗಿಯುವುದನ್ನು ಎಲ್ಲರೂ ನಿಲ್ಲಿಸಿದ್ದರು. ನೀರಿನಲ್ಲಿ ಒಂದು ಮೀನಿನ ಬಾಲವಿಲ್ಲ. ಹೊಂಬಾಳಿಯನ್ನು ನೋಡಲು ಧೈರ್ಯ ಸಾಲದಿದ್ದರೂ ನೋಡಿದೆ. ಅವಳು ನನ್ನನ್ನಲ್ಲ, ನೀರನ್ನು ನೋಡುತ್ತಿದ್ದಳು, ಆ ದನಿ ಎದ್ದ ಜಾಗವನ್ನೇ. ಕರಿಸಿದ್ದಯ್ಯ ನಿಧಾನವಾಗಿ ಹುಟ್ಟು ಹಾಕುತ್ತ ನನ್ನ ತೆಪ್ಪಕ್ಕೆ ತೆಪ್ಪ ತಾಗಿಸಿ, ಬಾಯಿ ತೆರೆಯದೆ ಅಂಗೈ ಚಾಚಿದ. ಮೂರು ತಲೆಮಾರಿನಿಂದ ಚಾಚಿಕೊಂಡಿದ್ದ ಅಂಗೈ. ನ್ಯಾಯವೇ. ಎಡಗೈಯಲ್ಲಿ ಗೋಲೆತ್ತಿದೆ. ಅದರ ತುದಿ ಅವನ ಬೆರಳಿಗೆ ತಾಗುವುದಕ್ಕೂ ಮಡುವಿನ ತಳದಿಂದ ಒಂದು ಸದ್ದು ಏಳುವುದಕ್ಕೂ ಸರಿಹೋಯಿತು.

ಘೊರ್ರ್ರ್. ಗುಳುಕ್.

ಕರಿಸಿದ್ದಯ್ಯನ ಕೈ ಅಲ್ಲೇ ನಿಂತಿತು.

ಘೊರ್ರ್ರ್ರ್ರ್. ಗುಳುಕ್. ಮೊದಲನೆಯದು ಉಸಿರು ಒಳಗೆ ಎಳೆದದ್ದು, ಎರಡನೆಯದು ಗಂಟಲಿನಲ್ಲಿ ಮುದ್ದೆ ಹೊರಳಿದ್ದು. ನಾನು ಗೊರಕೆ ಹೊಡೆಯುತ್ತೇನೆಂದು ಹೊಂಬಾಳಿ ಬಾಲ್ಯದಿಂದ ದೂರುತ್ತಿದ್ದಳು, ನಾನು ನಂಬಿರಲಿಲ್ಲ. ತೆಪ್ಪದ ಬಿದಿರು ಅದನ್ನು ನೀರಿಗೆ ಇಳಿಸಿತ್ತು, ಕೆರೆ ಒಂಬತ್ತು ತಿಂಗಳು ಬಸಿರಲ್ಲಿ ಹೊತ್ತು ಬೆಳೆಸಿತ್ತು. ಏರಿಯ ಕಲ್ಲುಗಳು ಅದುರಿದವು. ಮಡುವಿನ ನೀರು ಒಲೆಯ ಮೇಲಿಟ್ಟಂತೆ ಕುದಿಯಿತು. ಮೊದಲು ಎರಡು ಮೀಸೆ ಕಂಡವು. ಆಮೇಲೆ ಇಪ್ಪತ್ತು, ಆಮೇಲೆ ಇನ್ನೂರು. ತೊಡೆಗಾತ್ರದ ಮೀನುಗಳು, ನಿದ್ದೆಗಣ್ಣಿನಲ್ಲಿ, ಬಾಯಿ ಅಗಲಿಸಿಕೊಂಡು ಬಂದವು. ತಮ್ಮ ಮುತ್ತಾತ ತಳದಿಂದ ಎದ್ದು ಬಂದನೆಂದುಕೊಂಡವೋ ಏನೋ. ತೆಪ್ಪಗಳು ಮೀನಿನ ಬೆನ್ನ ಮೇಲೆ ಕೂತು ಗೇಣುದ್ದ ಮೇಲೆದ್ದವು. ಒಂದು ಮುದಿ ಮೀನಂತೂ ನನ್ನ ತೆಪ್ಪದ ಅಂಚಿಗೆ ಗಲ್ಲವಿಟ್ಟು, ಕಥೆ ಕೇಳುವ ಹಾಗೆ ಕೇಳುತ್ತ ಕೂತಿತು. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಬೇಕಾದರೆ ಆ ಮೀನನ್ನೇ ಕೇಳಬಹುದಿತ್ತು, ಹೊಂಬಾಳಿ ಅದನ್ನು ಮಂಕರಿಗೆ ಹಾಕಿಬಿಟ್ಟಳು.

ಮೊದಲು ಬಲೆ ಬೀಸಿದವಳೂ ಅವಳೇ. ಆಮೇಲೆ ಎಲ್ಲರೂ ಬೀಸಿದರು. ಬೀಸುತ್ತ ಬೀಸುತ್ತ ಒಬ್ಬರ ಮುಖ ಒಬ್ಬರು ನೋಡಿದರು, ನಗು ಶುರುವಾಯಿತು. ಎಲೆ ಅಡಿಕೆ ಉಗುಳಿ, ಹೊಟ್ಟೆ ಹಿಡಿದುಕೊಂಡು, ತೆಪ್ಪದಲ್ಲಿ ಬಿದ್ದು ಹೊರಳಾಡಿ ನಕ್ಕರು. ಒಂದಿಷ್ಟೂ ಸದ್ದಿಲ್ಲ. ನೂರು ಬಾಯಿ ತೆರೆದಿವೆ, ಹೆಗಲುಗಳು ಕುಣಿಯುತ್ತಿವೆ, ಚೆನ್ನಾಜಮ್ಮಜ್ಜಿಯ ಉಳಿದ ಮೂರು ಹಲ್ಲೂ ಕಾಣುತ್ತಿವೆ, ಕೇಳುತ್ತಿರುವುದು ನನ್ನ ಗೊರಕೆ ಮಾತ್ರ. ಆ ನಗುವೆಲ್ಲ ನೀರಿಗಿಳಿದಿದೆ, ಮಾಘದಲ್ಲಿ ಮೇಲೇಳುತ್ತದೆ. ಆ ದಿನ ದೂರದ ನೆಂಟರ ಮನೆಗೆ ಹೋಗುವುದೆಂದು ಆಗಲೇ ತೀರ್ಮಾನಿಸಿದ್ದೇನೆ.

ಹುಣಸೆಮರದ ಕೆಳಗೆ ಮಂಕರಿಗಳನ್ನಿಳಿಸಿದಾಗ ಕರಿಸಿದ್ದಯ್ಯ ನ್ಯಾಯ ಎತ್ತಿದ.

‘ಅಜ್ಜಿ, ಇದು ಬಡಿತ ಅಲ್ಲ, ಗೊರಕೆ. ಇವನು ಗೋಲು ನೀರಿಗೆ ಬೀಳಿಸಿದ್ದು ಬಿಟ್ರೆ ಏನೂ ಮಾಡಿಲ್ಲ. ಕಟ್ಟಳೆ ಪ್ರಕಾರ ಗೋಲು ನಮಗೆ ಬರಬೇಕು.’

ಚೆನ್ನಾಜಮ್ಮಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು, ನಕ್ಕದ್ದು ಇನ್ನೂ ಮುಗಿದಿರಲಿಲ್ಲ. ‘ನಿನ್ನ ಮಂಕ್ರೀಲಿ ಏನದ್ಯಪ್ಪ?’

‘ಮೀನು.’

‘ಎಷ್ಟು?’

‘ತುಂಬಾ ಅದೆ.’

‘ಗೊರಕೆ ಮೀನು ನಿಂಗೆ ಒಗ್ಗಲ್ಲ ಅಂದ್ರೆ ಕೆರೆಗೆ ಬುಟ್ಟು ಬಾ. ಆಮೇಲೆ ಕುಂತ್ಕಂಡು ನ್ಯಾಯ ಮಾತಾಡವ.’

ಕರಿಸಿದ್ದಯ್ಯ ಮಂಕರಿಯನ್ನು ನೋಡಿದ. ಅದನ್ನು ಕಾಲಿನಿಂದ ಮೆಲ್ಲಗೆ ತನ್ನ ಕಡೆಗೆಳೆದುಕೊಂಡ. ಬಗ್ಗಿ, ಒಳ್ಳೆಯ ಗಾತ್ರದ ಒಂದು ಮೀನನ್ನು ಸರಿಯಾಗಿ ಮಲಗಿಸಿದ. ‘ಬುಡಿ, ನೆಂಟಸ್ತಿಕೇಲಿ ಯಾಕೆ’ ಎಂದ.

‘ಮೀನು ಬರಬೇಕು ಅಂತ ಕಟ್ಟಳೆ. ಹೆಂಗೆ ಬರಬೇಕು ಅಂತ ಇಲ್ಲ’ ಎಂದಳು ಅಜ್ಜಿ. ಆಮೇಲೆ ನನ್ನ ಕಡೆ ತಿರುಗಿದಳು. ನಗು ಮಾಯವಾಗಿತ್ತು. ‘ಲೇ ಮಾಯಿಗ. ಊರು ಉಪ್ಪು ಕುಟ್ಕಂಡು ಕುಂತಿತ್ತು ಕಣ್ಲಾ. ಮೀನು ಬರದೆ ಹೋಗಿದ್ರೆ?’

ನಾನು ನಾಲಿಗೆ ಕಚ್ಚಿಕೊಂಡು ತಲೆ ತಗ್ಗಿಸಿದೆ. ಜೀವಮಾನದಲ್ಲಿ ಮೊದಲ ಸಲ.

‘ಗೋಲು ನಿನ್ನ ಮನೇಲೇ ಇರ್ಲಿ, ನಿನ್ನ ಕೈಲಿ ಬೇಡ. ಯಾರ ಕೈಗೆ ಅಂತ ನಾನೇನ್ ಹೇಳನ. ನೀನೇ ಹೇಳಿದ್ದೀಯ, ಕೆರೆ ಸಾಕ್ಷಿ.’

ಗೋಲನ್ನು ಎರಡೂ ಕೈಯಲ್ಲಿ ಹಿಡಿದು ಕೊಡಬೇಕೆಂದು ಬಲಗೈ ಎತ್ತಹೋದೆ. ಹೊಂಬಾಳಿ ಮುಂದೆ ಬಂದು, ಅದು ಎಲ್ಲಿತ್ತೋ ಅಲ್ಲಿಂದಲೇ, ನನ್ನ ಸೊಂಟದ ಮಟ್ಟದಿಂದಲೇ ತೆಗೆದುಕೊಂಡಳು. ಗೊರಸಿನ ಟೊಳ್ಳಿನಲ್ಲಿ ಹೆಬ್ಬೆರಳಾಡಿಸಿದಳು.

‘ಆ ಮಾತ ಮನೇಲೇ ಹೇಳಿದ್ರೆ ಒಂಬತ್ತು ತಿಂಗಳು ಮುಂಚೆ ಕೇಳ್ತಿದ್ದೆ’ ಎಂದಳು.

‘ಮನೇಲಿ ಹೇಳಿದ್ರೆ ನೀನೊಬ್ಳೇ ಕೇಳ್ತಿದ್ದೆ. ಈಗ ಊರೇ ಕೇಳ್ತಲ್ಲ’ ಎಂದೆ. ನಾಲಿಗೆ ಮತ್ತೆ ಜಾಗಕ್ಕೆ ಬಂದಿತ್ತು. ಅವಳು ಮೂಗು ಮುರಿದಳು. ಆದರೆ ಗೋಲನ್ನು ಎದೆಗೆ ಅವುಚಿಕೊಂಡಿದ್ದಳು.

ಮನೆಗೆ ಬಂದು ಜಗಲಿಯ ಮೇಲೆ ಕೂತೆ. ಅಂಗಿಯೆಲ್ಲ ಮೀನಿನ ಲೋಳೆ. ಗೋಡೆಗೆ ಒರಗಿ ಹೊರಳಾಡಲು ಹೋದವನು ತಡೆದುಕೊಂಡೆ. ‘ಹೊಂಬಾಳಿ, ಅಂಗಿ ತೆಗೆದುಕೊಡವ್ವ. ತೋಳು ಬರಲ್ಲ’ ಎಂದೆ. ಒಂಬತ್ತು ತಿಂಗಳಲ್ಲ, ಹತ್ತು ತಿಂಗಳಿನಿಂದ ಗಂಟಲಿನಲ್ಲಿದ್ದ ಮಾತು ಅಷ್ಟು ಸಣ್ಣದೆಂದು ಗೊತ್ತಿರಲಿಲ್ಲ. ಅವಳು ಎಡತೋಳು ಮೊದಲು ಬಿಡಿಸಿ, ಬಲತೋಳನ್ನು ನೋಯದಂತೆ ಇಳಿಸಿದಳು. ಕಾಯಿಸಿದ ಹರಳೆಣ್ಣೆ ತಿಕ್ಕಿದಳು. ನೋವು ಹೋಗಲಿಲ್ಲ, ಆದರೆ ಅದನ್ನು ಬಚ್ಚಿಡುವ ಕೆಲಸ ಹೋಯಿತು. ನೋವಿಗಿಂತ ಆ ಕೆಲಸವೇ ಭಾರವಾಗಿತ್ತು. ಹಿತ್ತಿಲಿನಲ್ಲಿ, ಕೇರಿಯ ಎಲ್ಲ ಹಿತ್ತಿಲಿನಲ್ಲಿ, ಹೆಂಗಸರು ಮೀನಿಗೆ ಉಪ್ಪು ಸವರುತ್ತ ಜೋರಾಗಿ ಮಾತಾಡುತ್ತಿದ್ದರು. ಯಾರೋ ನನ್ನ ಗೊರಕೆಯ ಅಣಕು ಮಾಡಿದರು. ಚೆನ್ನಾಗಿರಲಿಲ್ಲ. ಅದಕ್ಕೆ ಅಭ್ಯಾಸ ಬೇಕು.

ಮೊನ್ನೆ ಶ್ರಾವಣ ಹುಣ್ಣಿಮೆ ಬಂತು. ಊರು ಈ ಸಲ ಇಬ್ಬರನ್ನು ಕಳಿಸಿತು, ಅವಳು ಬಡಿಯಲು, ನಾನು ಮಲಗಲು. ಇಂಥ ಹುದ್ದೆ ಭೂಮಿಯ ಮೇಲೆ ಇನ್ನೊಬ್ಬನಿಗಿಲ್ಲ. ಹೊಂಬಾಳಿ ಎರಡು ಮುದ್ದೆ ಉಣ್ಣಿಸಿ, ತಲೆಗೆ ಬಟ್ಟೆಗಂಟು ಕೊಟ್ಟು, ತೆಪ್ಪದ ತಳದಲ್ಲಿ ನನ್ನನ್ನು ಮಲಗಿಸಿದಳು. ನಡುಮಡುವಿನಲ್ಲಿ ಎದ್ದು ನಿಂತು ತೋಳೆತ್ತಿದಳು. ಬಿಸಿಲಿಗೆ ಅಡ್ಡವಾಗಿ ಆ ತೋಳು ಎಷ್ಟು ಮೇಲೆ ಹೋಯಿತೆಂದರೆ, ಹೋಗಲಿ, ಎಷ್ಟು ಹೋಗಬೇಕೋ ಅಷ್ಟು ಹೋಯಿತು. ಗೋಲು ಇಳಿಯಿತು. ಸದ್ದು ಕೇಳಲಿಲ್ಲ, ಕೆರೆ ನುಂಗಿತು. ಆದರೆ ಬಿದಿರಿನ ಮೂಲಕ ಅದು ನನ್ನ ಬೆನ್ನಿಗೆ ಗೊತ್ತಾಯಿತು. ಒಂದು, ಇನ್ನೊಂದು, ಮತ್ತೊಂದು, ಒಂದಕ್ಕೊಂದು ಕೂದಲೆಳೆ ವ್ಯತ್ಯಾಸವಿಲ್ಲ. ಅವಳು ತಿರುಗಿ, ಹೆಂಗದೆ ಎಂಬಂತೆ ಹುಬ್ಬು ಹಾರಿಸಿದಳು. ಪರವಾಗಿಲ್ಲ, ನನ್ನ ಪ್ರಾಯದಲ್ಲಿ ನಾನು ಇದಕ್ಕಿಂತ ಒಂದು ಕೈ ಹೆಚ್ಚು ಎನ್ನೋಣವೆಂದು ಬಾಯಿ ತೆರೆದೆ. ಕೆಳಗೆ ಕೆರೆ ಕಿವಿ ಬಿಟ್ಟುಕೊಂಡು ಕೂತಿತ್ತು. ಬಾಯಿ ಮುಚ್ಚಿ, ತಲೆಯಾಡಿಸಿ, ನಿದ್ದೆ ಹೋದೆ.